ಹಿತ್ತಲ ಕೋಳಿಗಳೂ ಕೊಕ್ಕರೆ ರೋಗವೂ

ನಾಟಿಕೋಳಿಯು ತಿಪ್ಪೆ ಕೆದಕಿ, ಹುಳುಹುಪ್ಪಟೆಯನ್ನೂ ಕಣದಲ್ಲಿ ಚೆಲ್ಲಿದ ಕಾಳನ್ನೂ ತಿಂದು ಬದುಕತಕ್ಕದ್ದು. ಕಾವಿಗೆ ಕುಳಿತ ಹೇಂಟೆಯು 10-12 ಮೊಟ್ಟೆಗಳನ್ನು 21 ದಿನಗಳಲ್ಲಿ ಮರಿಮಾಡಿ, ಹದ್ದಿನ ಕಣ್ಣಿಗೆ ಬೀಳದಂತೆ ಸಾಕುವುದು. ಮನೆಯ ಹೆಂಗಸರ ಕೈಖರ್ಚಿಗೆ ಇದರಿಂದ ನಾಲ್ಕು ಕಾಸು ದೊರೆಯುವುದು.

ಈ ಲಾಭವನ್ನೆಲ್ಲ ಕೆಲವೇ ದಿನಗಳಲ್ಲಿ ಅಳಿಸತಕ್ಕದ್ದು ಕೊಕ್ಕರೆ ರೋಗ. ರಾಣಿಖೇತ್ ರೋಗವೆಂದೂ ಇದಕ್ಕೆ ಹೆಸರುಂಟು. ಬಾಯ್ದೆರೆದು ಉಸಿರೆಳೆಯುವುದು, ಹಸಿರು ಭೇದಿ, ಕತ್ತು ತಿರುಚುವುದು, ಕಾಲುರೆಕ್ಕೆಗಳು ಸೋಲುವುದು ಇದರ ಚಿಹ್ನೆಗಳು. ರೋಗವು ತಗುಲಿದ ಮೇಲೆ ಗುಣಪಡಿಸುವ ಔಷಧವಿಲ್ಲ. ಮುಂಚಿತವಾಗಿ ತಡೆಯುವುದೊಂದೇ ಉಪಾಯ.

ಅನುಸರಿಸತಕ್ಕ ಕ್ರಮಗಳು:

1. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಲಸಿಕೆಯ ಹನಿಯನ್ನೂ, 6-8 ವಾರಗಳಾದಾಗ ರೆಕ್ಕೆಯ ಅಡಿಯಲ್ಲಿ ಚುಚ್ಚುಮದ್ದನ್ನೂ ಹಾಕಿಸತಕ್ಕದ್ದು.

2. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರಗಳಿಗೆ ಕಡಿಮೆಯಿಲ್ಲದಂತೆ ಬೇರೆಯಾಗಿ ಇಡತಕ್ಕದ್ದು.

3. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು.

4. ರೋಗದ ಕೋಳಿಯನ್ನು ಮಾರಕೂಡದು. ಒಬ್ಬನು ಉಳಿಸಿಕೊಳ್ಳುವ ಅಲ್ಪ ಹಣದಿಂದ ಹತ್ತು ಊರುಗಳ ಗೂಡುಗಳು ಬರಿದಾಗುವುವು.

ಒಬ್ಬರ ಕೋಳಿಯು ಇನ್ನೊಬ್ಬರ ತಿಪ್ಪೆಯಲ್ಲಿ ಮೇಯುವುದರಿಂದ ಒಂದು ಮನೆಯವರ ಎಚ್ಚರಿಕೆ ಸಾಲದು. ಆದಕಾರಣ ಗ್ರಾಮದ ಮುಖಂಡರು ಪಶುವೈದ್ಯಶಾಲೆಯವರೊಡನೆ ದಿನವನ್ನು ಗೊತ್ತುಮಾಡಿ, ಮುಂಜಾನೆ ಗೂಡು ತೆರೆಯುವುದಕ್ಕೆ ಮೊದಲೇ ಊರಿನ ಕೋಳಿಗಳಿಗೆಲ್ಲ ಒಟ್ಟಿಗೆ ಲಸಿಕೆ ಹಾಕಿಸುವುದು ಸರ್ವರಿಗೂ ಹಿತಕರ.