ಮನೆಯ ಗಣಕಯಂತ್ರದಲ್ಲಿ ಅಂಗಡಿಯ ಲೆಕ್ಕ: ಉಚಿತ ತಂತ್ರಾಂಶಗಳ ಆಯ್ಕೆ ಹೇಗೆ?

ಸಣ್ಣ ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಅನೇಕರಿಗೆ ಮನೆಯ ಗಣಕಯಂತ್ರವೇ ಕಛೇರಿಯ ಗಣಕಯಂತ್ರವೂ ಆಗಿದೆ. ಹಗಲಿನಲ್ಲಿ ಮಕ್ಕಳ ಪಾಠಕ್ಕೆ ಬಳಕೆಯಾಗುವ ಯಂತ್ರದಲ್ಲಿಯೇ ರಾತ್ರಿ ಬಾಕಿದಾರರ ಪಟ್ಟಿ, ಕೊಟೇಶನ್ ಹಾಗೂ ಜಿ.ಎಸ್.ಟಿ. ವಿವರಗಳು ಸಿದ್ಧವಾಗುತ್ತವೆ. ಯಂತ್ರವನ್ನು ರಸೀದಿ ಪಡೆದು ಕೊಳ್ಳುವ ನಾವು, ಅದರೊಳಗಿನ ತಂತ್ರಾಂಶಕ್ಕೆ ಪರವಾನಗಿ ಇದೆಯೇ ಎಂದು ಕೇಳುವುದು ವಿರಳ. ಪ್ರತಿಯೊಂದು ಸರಕಿಗೂ ಬಿಲ್ಲು ಕೇಳುವ ವ್ಯಾಪಾರಿಯು ಇಲ್ಲಿ ಮಾತ್ರ ಬಿಲ್ಲಿಲ್ಲದ ಸರಕನ್ನು ದಾಸ್ತಾನು ಮಾಡಿಕೊಂಡಿರುತ್ತಾನೆ. ಈ ಸ್ಥಿತಿಯಿಂದ ಹೆಚ್ಚಿನ ವೆಚ್ಚವಿಲ್ಲದೆ ಹೊರಬರುವ ಮಾರ್ಗವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾನೂನಿನ ದೃಷ್ಟಿ

ಗಣಕ ತಂತ್ರಾಂಶಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯಿದೆ. 1994ರ ತಿದ್ದುಪಡಿಯಿಂದ ಸೇರ್ಪಡೆಯಾದ 63ಬಿ ಕಲಮಿನ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ಅದನ್ನು ಗಣಕಯಂತ್ರದಲ್ಲಿ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಲಾಭಕ್ಕಾಗಿ ಅಥವಾ ವ್ಯಾಪಾರ ವ್ಯವಹಾರದಲ್ಲಿ ಬಳಸದಿದ್ದಲ್ಲಿ ನ್ಯಾಯಾಲಯವು ಕಾರಾಗೃಹವಾಸವನ್ನು ಕೈಬಿಟ್ಟು, 50 ಸಾವಿರ ರೂಪಾಯಿ ಮೀರದ ದಂಡವನ್ನಷ್ಟೇ ವಿಧಿಸಲು ಅವಕಾಶವಿದೆ. ಅಂದರೆ ಈ ವಿನಾಯಿತಿಯು ವ್ಯಾಪಾರದ ಬಳಕೆಗೆ ಅನ್ವಯಿಸುವುದಿಲ್ಲ. ಯಂತ್ರವು ಮನೆಯಲ್ಲಿದೆ ಎಂಬ ಮಾತ್ರಕ್ಕೆ ಅದರ ಬಳಕೆ ಗೃಹಬಳಕೆ ಆಗುವುದಿಲ್ಲ.

ಕಾನೂನಿನ ಭಯಕ್ಕಿಂತಲೂ ದತ್ತಾಂಶ ನಾಶದ ಭಯ ದೊಡ್ಡದು. ಅಕ್ರಮ ಪ್ರತಿಗಳನ್ನು ಬಳಸುವವರು ಕಳ್ಳತನ ಬಯಲಾದೀತೆಂದು ಸುರಕ್ಷತಾ ಪರಿಷ್ಕರಣೆಗಳನ್ನು ತಡೆಹಿಡಿದಿರುವುದೇ ಹೆಚ್ಚು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿದ ದೋಷಕ್ಕೆ ಪರಿಹಾರವು ಮಾರ್ಚ್ ತಿಂಗಳಲ್ಲಿಯೇ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳದಿದ್ದ ಯಂತ್ರಗಳು ಬಲಿಯಾದವು. ಹತ್ತು ವರ್ಷಗಳ ಖಾತೆಯನ್ನು ಒಂದು ರಾತ್ರಿಯಲ್ಲಿ ಕಳೆದುಕೊಳ್ಳುವುದು ಯಾವ ವ್ಯಾಪಾರಿಗೂ ಸಣ್ಣ ನಷ್ಟವಲ್ಲ.

ಉಚಿತದಲ್ಲಿ ಎರಡು ಬಗೆ

ಉಚಿತ ತಂತ್ರಾಂಶಗಳೆಲ್ಲವೂ ಒಂದೇ ತರಹದವಲ್ಲ. ಮೊದಲನೆಯ ಬಗೆಯು ಬೆಲೆಯಲ್ಲಿ ಮಾತ್ರ ಉಚಿತ. ‘ಟೀಮ್‌ವ್ಯೂವರ್’, ‘ಎನಿಡೆಸ್ಕ್’ಗಳಂತಹ ದೂರನಿಯಂತ್ರಣ ತಂತ್ರಾಂಶಗಳ ಉಚಿತ ಆವೃತ್ತಿಗಳು ಖಾಸಗಿ ಬಳಕೆಗೆ ಮಾತ್ರ ಮೀಸಲು. ಅಂಗಡಿಯ ಗಣಕಯಂತ್ರವನ್ನು ಮನೆಯಿಂದ ನೋಡಲು ಅದನ್ನೇ ಬಳಸಿದರೆ ಪರವಾನಗಿಯ ಉಲ್ಲಂಘನೆಯಾಗುತ್ತದೆ.

ಎರಡನೆಯ ಬಗೆಯನ್ನು ಸ್ವತಂತ್ರ ಅಥವಾ ಮುಕ್ತ ತಂತ್ರಾಂಶ ಎನ್ನುತ್ತಾರೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಅಮೆರಿಕದಲ್ಲಿ ಘೋಷಿಸಿದ ‘ಗ್ನೂ’ ಯೋಜನೆಯಿಂದ ಈ ಚಳವಳಿಗೆ ಚಾಲನೆ ದೊರೆಯಿತು. ಯಾವ ಉದ್ದೇಶಕ್ಕಾದರೂ ಬಳಸುವ, ಒಳರಚನೆಯನ್ನು ಪರಿಶೀಲಿಸುವ, ಬದಲಾಯಿಸುವ ಹಾಗೂ ಇತರರಿಗೆ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಇದರಲ್ಲಿ ಬಳಕೆದಾರನಿಗೆ ದೊರೆಯುತ್ತವೆ. ‘ಯಾವ ಉದ್ದೇಶಕ್ಕಾದರೂ’ ಎಂಬುದರಲ್ಲಿ ವ್ಯಾಪಾರವೂ ಸೇರಿದೆ. ಹೀಗಾಗಿ ಒಂದೇ ಯಂತ್ರದಲ್ಲಿ ಮನೆಯ ಹಾಗೂ ಅಂಗಡಿಯ ಕೆಲಸ ಮಾಡುವವರಿಗೆ ಈ ಬಗೆಯೇ ಸೂಕ್ತ.

ಯಾವ ಕೆಲಸಕ್ಕೆ ಯಾವುದು?

ಪತ್ರ ಮತ್ತು ಪಟ್ಟಿಗಳಿಗೆ: ‘ಲಿಬ್ರೆಆಫೀಸ್’ ಪತ್ರಲೇಖನ, ಲೆಕ್ಕದ ಹಾಳೆ ಹಾಗೂ ಪ್ರಾತ್ಯಕ್ಷಿಕೆಗಳನ್ನು ಒಳಗೊಂಡಿದೆ. 2000ದಲ್ಲಿ ಮುಕ್ತಗೊಂಡ ‘ಓಪನ್ ಆಫೀಸ್’ನಿಂದ 2010ರಲ್ಲಿ ಇದು ಕವಲೊಡೆಯಿತು. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ತೆರೆದು, ಅದೇ ನಮೂನೆಯಲ್ಲಿ ಉಳಿಸಬಲ್ಲದು. ಇದರ ಸ್ವಂತ ಕಡತ ನಮೂನೆಯು 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ಕನ್ನಡದಲ್ಲಿ ಬರೆಯುವವರು ಯುನಿಕೋಡ್ ಅಕ್ಷರಗಳನ್ನೇ ಬಳಸುವುದು ಒಳಿತು. ಹಳೆಯ ಫಾಂಟುಗಳಲ್ಲಿ ಬರೆದ ಪತ್ರವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ.

ಲೆಕ್ಕಪತ್ರಕ್ಕೆ: ‘ಗ್ನೂಕ್ಯಾಶ್’ ದ್ವಿನಮೂದು ಪದ್ಧತಿಯಲ್ಲಿ ಖಾತೆಗಳನ್ನು ನಿರ್ವಹಿಸುತ್ತದೆ. ಮನೆಯ ಖರ್ಚು ಹಾಗೂ ಅತಿ ಸಣ್ಣ ವ್ಯವಹಾರಕ್ಕೆ ಇದು ಸಾಕು. ದಾಸ್ತಾನು, ಉತ್ಪಾದನೆ ಹಾಗೂ ಜಿ.ಎಸ್.ಟಿ. ಎಲ್ಲವೂ ಒಂದೆಡೆ ಬೇಕೆನ್ನುವವರಿಗೆ ಭಾರತದಲ್ಲಿಯೇ ರೂಪುಗೊಂಡ ‘ಇ.ಆರ್.ಪಿ.ನೆಕ್ಸ್ಟ್’ ಇದೆ. ಆದರೆ ಅದನ್ನು ಸ್ಥಾಪಿಸಲು ತಿಳಿದವರ ನೆರವು ಬೇಕು, ಆ ನೆರವಿಗೆ ಹಣವೂ ಬೇಕು.

ವಿನ್ಯಾಸ ಮತ್ತು ನಕ್ಷೆಗಳಿಗೆ: ಸರಕಿನ ಛಾಯಾಚಿತ್ರಗಳನ್ನು ತಿದ್ದಲು ‘ಗಿಂಪ್’, ಲೇಬಲ್ಲು ಮತ್ತು ಫಲಕಗಳಿಗೆ ‘ಇಂಕ್‌ಸ್ಕೇಪ್’, ಬೆಲೆಪಟ್ಟಿಯ ಪುಟವಿನ್ಯಾಸಕ್ಕೆ ‘ಸ್ಕ್ರೈಬಸ್’ ಇವೆ. ಮುದ್ರಣಾಲಯಕ್ಕೆ ನಾಲ್ಕು ಬಣ್ಣಗಳ ಪಿ.ಡಿ.ಎಫ್. ನೀಡಬೇಕಾದಾಗ ಸ್ಕ್ರೈಬಸ್ ಉಪಯುಕ್ತ. ಬಿಡಿಭಾಗಗಳ ನಕ್ಷೆಗೆ ‘ಲಿಬ್ರೆಕ್ಯಾಡ್’, ಮೂರು ಆಯಾಮಗಳ ಮಾದರಿಗೆ ‘ಫ್ರೀಕ್ಯಾಡ್’ ದೊರೆಯುತ್ತವೆ. ಪೀಣ್ಯದ ಯಂತ್ರಾಗಾರವಾಗಲಿ ಬೆಳಗಾವಿಯ ಫೌಂಡ್ರಿಯಾಗಲಿ, ಗ್ರಾಹಕರಿಂದ ನಕ್ಷೆಗಳನ್ನು ಡಿ.ಎಕ್ಸ್.ಎಫ್. ನಮೂನೆಯಲ್ಲಿ ಕೇಳಿ ಪಡೆದರೆ ತೊಂದರೆ ಕಡಿಮೆ.

ಇತರೆ: ಅಂಚೆಗೆ ‘ಥಂಡರ್‌ಬರ್ಡ್’, ಕಡತಗಳನ್ನು ಒತ್ತಲು ‘7-ಜಿಪ್’, ದೃಶ್ಯ ಹಾಗೂ ಧ್ವನಿಗೆ ‘ವಿ.ಎಲ್.ಸಿ.’ ಇವೆ.

ಎಲ್ಲಿ ಎಚ್ಚರಿಕೆ ಅಗತ್ಯ?

ಮುಕ್ತ ತಂತ್ರಾಂಶವು ಎಲ್ಲ ಕೆಲಸಕ್ಕೂ ಒದಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಜಿ.ಎಸ್.ಟಿ. ಜಾಲತಾಣವು ನೀಡುವ ವಾರ್ಷಿಕ ವಿವರಪಟ್ಟಿಯ ಆಫ್‌ಲೈನ್ ಉಪಕರಣವು ಮ್ಯಾಕ್ರೋಗಳುಳ್ಳ ಎಕ್ಸೆಲ್ ಕಡತವಾಗಿದ್ದು, ಅದಕ್ಕೆ ಎಕ್ಸೆಲ್ ತಂತ್ರಾಂಶವೇ ಬೇಕು. ಇಂತಹ ಕೆಲಸವನ್ನು ಲೆಕ್ಕಪರಿಶೋಧಕರ ಕಛೇರಿಯಲ್ಲಿ ಮಾಡಿಸಬಹುದು, ಇಲ್ಲವೇ ಒಂದು ಯಂತ್ರಕ್ಕೆ ಮಾತ್ರ ಪರವಾನಗಿ ಕೊಳ್ಳಬಹುದು.

ಕಂಪನಿ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳು, ಪ್ರೈವೇಟ್ ಲಿಮಿಟೆಡ್ ಕಂಪನಿಗಳೂ ಸೇರಿದಂತೆ, ಗಣಕಯಂತ್ರದಲ್ಲಿ ಲೆಕ್ಕ ಇಡುವುದಾದರೆ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ದಿನಾಂಕ ಸಹಿತ ದಾಖಲೆಯನ್ನು ತಾನೇ ಉಳಿಸುವ, ಆ ದಾಖಲೆಯನ್ನು ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕು. ಲೆಕ್ಕದ ಹಾಳೆಯಲ್ಲಿ ಖಾತೆ ಇಡುವುದು ಈ ನಿಯಮಕ್ಕೆ ಹೊಂದುವುದಿಲ್ಲ. ಏಕಸ್ವಾಮ್ಯ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು. ಆದ್ದರಿಂದ ಲೆಕ್ಕಪತ್ರದ ತಂತ್ರಾಂಶ ಬದಲಾಯಿಸುವ ಮುನ್ನ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಕಡ್ಡಾಯವೆಂದೇ ಭಾವಿಸಬೇಕು.

ಬದಲಾವಣೆಯ ಕ್ರಮ

ಎಲ್ಲವನ್ನೂ ಒಂದೇ ದಿನ ಬದಲಾಯಿಸಲು ಹೊರಟವರು ವಾರದೊಳಗೆ ಹಳೆಯದಕ್ಕೇ ಮರಳುತ್ತಾರೆ. ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಯಂತ್ರದಲ್ಲಿರುವ ತಂತ್ರಾಂಶಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ‘ಪರವಾನಗಿ ಇದೆ’, ‘ಇಲ್ಲ’, ‘ಗೃಹಬಳಕೆಗೆ ಮಾತ್ರ’ ಎಂದು ಬರೆಯಿರಿ.

2. ಎಲ್ಲ ಕಡತಗಳ ಪ್ರತಿಯನ್ನು ಹೊರಗಿನ ಎರಡು ಡಿಸ್ಕುಗಳಲ್ಲಿ ತೆಗೆದಿಡಿ. ಒಂದನ್ನು ಬೇರೆ ಕಟ್ಟಡದಲ್ಲಿ ಇರಿಸಿ. ಪ್ರತಿಯನ್ನು ತೆರೆದು ನೋಡಿದ ನಂತರವೇ ಮುಂದುವರಿಯಿರಿ.

3. ಹೊಸ ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದಿಂದಲೇ ಪಡೆಯಿರಿ. ಅದೇ ಹೆಸರಿನ ನಕಲಿ ತಾಣಗಳೂ ಇವೆ.

4. ಮೊದಲ ತಿಂಗಳು ಹೊಸ ಪತ್ರ ಮತ್ತು ಪಟ್ಟಿಗಳನ್ನಷ್ಟೇ ಲಿಬ್ರೆಆಫೀಸ್‌ನಲ್ಲಿ ತಯಾರಿಸಿ. ಹೊರಗೆ ಕಳುಹಿಸುವ ಬಿಲ್ಲು, ಕೊಟೇಶನ್‌ಗಳನ್ನು ಪಿ.ಡಿ.ಎಫ್. ರೂಪದಲ್ಲಿ ಕಳುಹಿಸಿ.

5. ಲೆಕ್ಕಪತ್ರವನ್ನು ಕೊನೆಗೆ, ಹೊಸ ಹಣಕಾಸು ವರ್ಷದ ಆರಂಭದಲ್ಲಿ ಮಾತ್ರ ಬದಲಾಯಿಸಿ.

ಹಳೆಯ ಯಂತ್ರ ಉಳ್ಳವರಿಗೆ ಇನ್ನೊಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿದೆ. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಅರ್ಹವಲ್ಲ. ಅವುಗಳನ್ನು ಗುಜರಿಗೆ ಹಾಕುವ ಮೊದಲು ‘ಲಿನಕ್ಸ್ ಮಿಂಟ್’ ಅನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಪ್ರಿಂಟರ್ ಹಾಗೂ ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡುವುದು ಖಚಿತವಾದ ನಂತರವೇ ಸ್ಥಾಪಿಸುವುದು ವಿವೇಕ.

ತಂತ್ರಾಂಶವನ್ನು ಆಯ್ಕೆ ಮಾಡುವಾಗ ಬೆಲೆ ಎಷ್ಟು ಎಂಬುದಕ್ಕಿಂತ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು. ವ್ಯಾಪಾರಕ್ಕೆ ಬಳಸಲು ಅನುಮತಿ ಇದೆಯೇ? ನಾಳೆ ಈ ತಂತ್ರಾಂಶವನ್ನು ಬಿಟ್ಟರೆ ನಮ್ಮ ಲೆಕ್ಕ ನಮ್ಮ ಕೈಗೆ ಬರುತ್ತದೆಯೇ? ಎರಡಕ್ಕೂ ‘ಹೌದು’ ಎಂಬ ಉತ್ತರ ದೊರೆತ ತಂತ್ರಾಂಶವನ್ನು ಧೈರ್ಯವಾಗಿ ಬಳಸಬಹುದು. ಸದಸ್ಯ ಬಾಂಧವರು ಈ ವಾರವೇ ಮೊದಲನೆಯ ಹೆಜ್ಜೆಯಾದ ಪಟ್ಟಿಯನ್ನು ಸಿದ್ಧಪಡಿಸಿದಲ್ಲಿ ಈ ಲೇಖನದ ಉದ್ದೇಶ ಸಾರ್ಥಕವಾಗುತ್ತದೆ.