ಕಂಡೂ ಕಾಣದ್ದು, ಕೇಳಿಯೂ ಕೇಳದ್ದು: ಇಂಗ್ಲಿಷಿನ ಕೆಲವು ಕ್ರಿಯಾಪದಗಳು

ಕಾಣುವುದಕ್ಕೂ ಕಾಣದಿರುವುದಕ್ಕೂ, ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ನಡುವೆ ಒಂದು ಮಬ್ಬು ಪ್ರದೇಶವುಂಟು. ಮಂಜಿನಲ್ಲಿ ಬರುತ್ತಿರುವ ಬಸ್ಸಿನ ಸಂಖ್ಯೆ, ರೈಲಿನ ಗದ್ದಲದಲ್ಲಿ ಸಾರಲ್ಪಟ್ಟ ನಿಲ್ದಾಣದ ಹೆಸರು, ದೂರವಾಣಿಯಲ್ಲಿ ನುಡಿದ ಮೊಬಲಗು ಇವೆಲ್ಲ ಆ ಪ್ರದೇಶಕ್ಕೆ ಸೇರಿದವು. ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನಿಗೆ ಈ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ವಿವರಿಸುವ ಪ್ರಸಂಗ ಪದೇ ಪದೇ ಬರುತ್ತದೆ. ವಯಸ್ಸಾದ ತಂದೆತಾಯಿಯರನ್ನು ಕಣ್ಣಿನ ಅಥವಾ ಕಿವಿಯ ವೈದ್ಯರಲ್ಲಿಗೆ ಕರೆದೊಯ್ದಾಗಲಂತೂ ತಪ್ಪುವುದೇ ಇಲ್ಲ. ಅಲ್ಲಿ ‘ಕೇಳುವುದಿಲ್ಲ’ ಎಂಬ ಒಂದೇ ಮಾತು ಸಾಲದು. ಏನು, ಎಷ್ಟು, ಯಾವಾಗ ಕೇಳುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಅದಕ್ಕೆ ಒದಗುವ ಪದಗಳೇ ಫ್ರೇಸಲ್ ವರ್ಬ್ ಎನಿಸಿಕೊಂಡ ಜೋಡಿಪದಗಳು.

ತೊಡಕು ಎಲ್ಲಿದೆ?

ಸಾಮಾನ್ಯ ಕ್ರಿಯಾಪದದ ಮುಂದೆ ಔಟ್, ಅಪ್, ಅವೇ ಮುಂತಾದ ಪುಟ್ಟ ಪದವೊಂದು ಸೇರಿ ಹೊಸ ಅರ್ಥ ಹುಟ್ಟುವುದು ಇಂಗ್ಲಿಷಿನ ಲಕ್ಷಣ. ಪರಭಾಷಿಕರಿಗೆ ಅತ್ಯಂತ ಕಷ್ಟ ಕೊಡುವುದು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿದ್ದನು. ಕನ್ನಡಕ್ಕೂ ಈ ಮಾರ್ಗ ಅಪರಿಚಿತವಲ್ಲ. ‘ಅಡಗಿತು’ ಎಂಬುದಕ್ಕೂ ‘ಅಡಗಿಹೋಯಿತು’ ಎಂಬುದಕ್ಕೂ, ‘ಮರೆತನು’ ಎಂಬುದಕ್ಕೂ ‘ಮರೆತುಬಿಟ್ಟನು’ ಎಂಬುದಕ್ಕೂ ಇರುವ ಅಂತರವನ್ನು ಸಹಾಯಕ ಕ್ರಿಯಾಪದವೇ ತರುತ್ತದೆ.

ಇನ್ನೊಂದು ಭೇದವಿದೆ. ಕನ್ನಡದಲ್ಲಿ ಮಾತು ತಾನಾಗಿ ‘ಕಿವಿಗೆ ಬೀಳುತ್ತದೆ’, ರೂಪ ತಾನಾಗಿ ‘ಕಣ್ಣಿಗೆ ಬೀಳುತ್ತದೆ’. ಇಂಗ್ಲಿಷಿನಲ್ಲಿ ಅನೇಕ ವೇಳೆ ಕೇಳುವವನೇ ಅದನ್ನು ಹಿಡಿಯುತ್ತಾನೆ, ಎತ್ತಿಕೊಳ್ಳುತ್ತಾನೆ, ಹೊರತೆಗೆಯುತ್ತಾನೆ. ಈ ಗುಟ್ಟು ತಿಳಿದರೆ ಮುಂದಿನ ಪಾಠ ಸುಲಭ.

ಮೇಕ್ ಔಟ್

ಚೆಕ್ ಬರೆಯುವವರಿಗೆಲ್ಲ ಈ ಜೋಡಿಪದ ಗೊತ್ತು. ಒಬ್ಬರ ಹೆಸರಿಗೆ ಚೆಕ್ ಬರೆದುಕೊಡುವುದು ‘ಮೇಕ್ ಔಟ್ ಎ ಚೆಕ್’. ಆದರೆ ಕಣ್ಣು ಕಿವಿಗಳ ವಿಷಯದಲ್ಲಿ ಅರ್ಥವೇ ಬೇರೆ: ಅಸ್ಪಷ್ಟವಾದುದನ್ನು ಪ್ರಯಾಸದಿಂದ ಗುರುತಿಸುವುದು. ಮಬ್ಬಿನೊಳಗಿಂದ ಹೊರಕ್ಕೆ ತೆಗೆಯುವ ಭಾವ ‘ಔಟ್’ ಎಂಬುದರಲ್ಲಿದೆ. ‘ಐ ಕುಡ್ ಜಸ್ಟ್ ಮೇಕ್ ಔಟ್ ದ ನಂಬರ್’ ಎಂದರೆ ಸಂಖ್ಯೆ ಹೇಗೋ ಗುರುತು ಸಿಕ್ಕಿತು ಎಂದರ್ಥ.

ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಈ ಅರ್ಥದಲ್ಲಿ ಇದು ಬಹುಮಟ್ಟಿಗೆ ಕ್ಯಾನ್, ಕುಡ್ ಎಂಬ ಪದಗಳೊಡನೆ ಬರುತ್ತದೆ. ಎರಡನೆಯದಾಗಿ, ಸರ್ವನಾಮ ನಡುವೆ ನಿಲ್ಲಬೇಕು: ‘ಮೇಕ್ ಇಟ್ ಔಟ್’ ಸರಿ, ‘ಮೇಕ್ ಔಟ್ ಇಟ್’ ತಪ್ಪು. ಮೂರನೆಯದಾಗಿ, ‘ಐ ಆಮ್ ನಾಟ್ ಹಿಯರಿಂಗ್’, ‘ಐ ಆಮ್ ನಾಟ್ ಸೀಯಿಂಗ್’ ಎಂಬ ನಮ್ಮ ಕಡೆಯ ರೂಢಿಯ ಬದಲು ‘ಐ ಕಾಂಟ್ ಹಿಯರ್’, ‘ಐ ಕಾಂಟ್ ಸೀ’ ಎನ್ನುವುದು ಒಳ್ಳೆಯದು.

ಪಿಕ್ ಅಪ್, ಪಿಕ್ ಔಟ್, ಕ್ಯಾಚ್

ಕ್ಷೀಣವಾದ ಸದ್ದನ್ನು ಕಿವಿಯಾಗಲಿ ಯಂತ್ರವಾಗಲಿ ಗ್ರಹಿಸಿದರೆ ಅದು ‘ಪಿಕ್ ಅಪ್’. ಶ್ರವಣಯಂತ್ರ ಬೇಡದ ಸದ್ದುಗಳನ್ನೂ ಪಿಕ್ ಅಪ್ ಮಾಡುತ್ತದೆ ಎಂಬ ದೂರು ಸಾಮಾನ್ಯ. ಹಲವುಗಳ ನಡುವೆ ಒಂದನ್ನು ಬೇರ್ಪಡಿಸಿ ಗುರುತಿಸಿದರೆ ಅದು ‘ಪಿಕ್ ಔಟ್’: ಜಂಗುಳಿಯಲ್ಲಿ ಒಂದು ಮುಖ, ಮದುವೆ ಮನೆಯ ಗದ್ದಲದಲ್ಲಿ ಒಂದು ಧ್ವನಿ. ‘ಕ್ಯಾಚ್’ ಎಂಬುದು ಒಂಟಿಪದವಾದರೂ ಇದೇ ಬಳಗದ್ದು. ‘ಐ ಡಿಡ್ ನಾಟ್ ಕ್ಯಾಚ್ ದ ಲಾಸ್ಟ್ ಫಿಗರ್’ ಎಂದರೆ ಕೊನೆಯ ಅಂಕಿ ಸರಿಯಾಗಿ ಕೇಳಿಸಲಿಲ್ಲ ಎಂಬ ಸಭ್ಯ ಮಾತು. ಇದನ್ನು ಹೇಳಲು ಸಂಕೋಚ ಕೂಡದು. ‘ಫಿಫ್ಟೀನ್’, ‘ಫಿಫ್ಟಿ’ ಇವೆರಡೂ ಕಿವಿಗೆ ಸಮೀಪದವು. ಮೊಬಲಗಿನಲ್ಲಿ ತಪ್ಪಿದರೆ ಹಣದ ನಷ್ಟ. ಔಷಧದ ಪ್ರಮಾಣದಲ್ಲಿ 15 ಮಿಲಿಗ್ರಾಂ ಎಂದಿದ್ದುದನ್ನು 50 ಎಂದು ಕೇಳಿಕೊಂಡರೆ ಪ್ರಾಣಕ್ಕೇ ಸಂಚಕಾರ. ‘ಒನ್ ಫೈವ್’, ‘ಫೈವ್ ಜೀರೋ’ ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ ಖಚಿತಪಡಿಸಿಕೊಳ್ಳುವುದು ಲೇಸು. ಅದನ್ನು ಬರವಣಿಗೆಯಲ್ಲಿ ಪಡೆಯುವುದು ಇನ್ನೂ ಲೇಸು.

ಸದ್ದು ಸರಿದುಹೋಗುವ ಬಗೆಗಳು

ಸದ್ದು ಕ್ರಮೇಣ ಕ್ಷೀಣಿಸಿ ಇಲ್ಲವಾದರೆ ‘ಡೈ ಅವೇ’ ಅಥವಾ ‘ಫೇಡ್ ಅವೇ’. ಮಾತನಾಡುವವನೇ ವಾಕ್ಯದ ಕೊನೆಯಲ್ಲಿ ದನಿ ತಗ್ಗಿಸಿದರೆ ‘ಟೇಲ್ ಆಫ್’. ಒಂದು ಸದ್ದು ಇನ್ನೊಂದನ್ನು ಮುಳುಗಿಸಿಬಿಟ್ಟರೆ ‘ಡ್ರೌನ್ ಔಟ್’. ಮೊಬೈಲಿನಲ್ಲಿ ಮಾತು ತುಂಡುತುಂಡಾಗಿ ಬಂದರೆ ‘ಬ್ರೇಕ್ ಅಪ್’. ಪೂರ್ತಿ ಕಡಿದು ಮತ್ತೆ ಬಂದರೆ ‘ಕಟ್ ಔಟ್’. ಇವು ಒಂದಕ್ಕೊಂದು ಪರ್ಯಾಯವಲ್ಲ. ಒಂದೊಂದಕ್ಕೂ ಬೇರೆ ಬೇರೆ ಕಾರಣವಿರುತ್ತದೆ. ಆದುದರಿಂದಲೇ ವೈದ್ಯರಿಗೆ ಇವು ಉಪಯುಕ್ತ.

ವೈದ್ಯರ ಮುಂದೆ

ಮುಪ್ಪಿನಿಂದ ಬರುವ ಕಿವುಡುತನ ಸಾಮಾನ್ಯವಾಗಿ ಎತ್ತರದ ಶ್ರುತಿಯ ಸದ್ದುಗಳಿಂದ ಆರಂಭವಾಗುತ್ತದೆ. ಸ್ವರಗಳು ತಗ್ಗಿನ ಶ್ರುತಿಯವು, ಬಲವಾದವು. ಸ, ಫ ಮುಂತಾದ ವ್ಯಂಜನಗಳು ಎತ್ತರದ ಶ್ರುತಿಯವು, ಕ್ಷೀಣವಾದವು. ಮಾತಿನ ಅರ್ಥವನ್ನು ಹೊರುವವು ಮುಖ್ಯವಾಗಿ ವ್ಯಂಜನಗಳೇ. ಆದುದರಿಂದ ಅಂಥವರಿಗೆ ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ಇದನ್ನು ‘ಬೇಕಾದ್ದು ಮಾತ್ರ ಕೇಳಿಸುತ್ತದೆ’ ಎಂದು ಹಾಸ್ಯ ಮಾಡುವುದುಂಟು. ಅದು ಹಿರಿಯರಿಗೆ ಮಾಡುವ ಅನ್ಯಾಯ. ‘ಹಿ ಕ್ಯಾನ್ ಹಿಯರ್ ಅಸ್, ಬಟ್ ಕಾಂಟ್ ಮೇಕ್ ಔಟ್ ದ ವರ್ಡ್ಸ್’ ಎಂಬ ಒಂದು ವಾಕ್ಯ ವೈದ್ಯರಿಗೆ ದಾರಿ ತೋರಿಸುತ್ತದೆ. ‘ಎವೆರಿಥಿಂಗ್ ಸೌಂಡ್ಸ್ ಫೇಂಟ್’ ಎಂಬುದು ಬೇರೆಯೇ ದೂರು. ಗುಗ್ಗೆ ಕಟ್ಟಿಕೊಂಡಾಗಲೂ ಹೀಗಾಗುತ್ತದೆ.

ಕಣ್ಣಿನ ಪರೀಕ್ಷೆಯಲ್ಲಿಯೂ ಹೀಗೆಯೇ. ಹರ್ಮನ್ ಸ್ನೆಲ್ಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕದ ಮುಂದೆ ಕೇಳುವ ಪ್ರಶ್ನೆ, ಯಾವ ಸಾಲಿನವರೆಗೆ ‘ಮೇಕ್ ಔಟ್’ ಮಾಡಬಲ್ಲಿರಿ ಎಂಬುದೇ. ಆರೋಗ್ಯವಂತ ಕಣ್ಣು 60 ಮೀಟರಿನಿಂದ ಗುರುತಿಸುವ ಅಕ್ಷರವನ್ನು 6 ಮೀಟರಿನಿಂದ ಮಾತ್ರ ಗುರುತಿಸಬಲ್ಲ ಕಣ್ಣಿಗೆ 6/60 ಎಂದು ಬರೆಯುತ್ತಾರೆ. ಊಹಿಸಿ ಓದುವುದು ಇಲ್ಲಿ ಜಾಣತನವಲ್ಲ. ‘ಐ ಕಾಂಟ್ ಮೇಕ್ ಇಟ್ ಔಟ್’ ಎನ್ನುವುದೇ ಸರಿಯಾದ ಉತ್ತರ.

ಎಚ್ಚರಿಕೆಯೊಂದು ಅವಶ್ಯ. ‘ಕಣ್ಣಿಗೆ ಕತ್ತಲೆ ಕವಿಯಿತು’ ಎಂಬುದನ್ನು ಕೆಲವರು ‘ಬ್ಲ್ಯಾಕ್ಡ್ ಔಟ್’ ಎಂದು ಭಾಷಾಂತರಿಸುತ್ತಾರೆ. ವೈದ್ಯರು ಅದನ್ನು ಪ್ರಜ್ಞೆ ತಪ್ಪಿತೆಂದು ಗ್ರಹಿಸುವರು. ಪ್ರಜ್ಞೆ ಇದ್ದು ದೃಷ್ಟಿ ಮಾತ್ರ ಮಂಕಾಗಿದ್ದರೆ ‘ಎವೆರಿಥಿಂಗ್ ವೆಂಟ್ ಡಾರ್ಕ್, ಬಟ್ ಐ ಡಿಡ್ ನಾಟ್ ಪಾಸ್ ಔಟ್’ ಎನ್ನಬೇಕು. ದೃಷ್ಟಿಯಾಗಲಿ ಒಂದು ಕಿವಿಯಾಗಲಿ ಹಠಾತ್ತನೆ ಮಂದವಾದರೆ, ಮತ್ತೆ ಸರಿಹೋದಂತೆ ಕಂಡರೂ, ಆ ದಿನವೇ ವೈದ್ಯರನ್ನು ಕಾಣತಕ್ಕದ್ದು.

ಅಭ್ಯಾಸ

ಬಿಟ್ಟ ಸ್ಥಳದಲ್ಲಿ ತಕ್ಕ ಜೋಡಿಪದವನ್ನು ತುಂಬಿರಿ.

1. ಫ್ಯಾನಿನ ಸದ್ದು ಅವಳ ಮಾತನ್ನು ——— ಮಾಡಿತು.
2. ಹೆಜ್ಜೆಯ ಸಪ್ಪಳ ಮೆಲ್ಲಮೆಲ್ಲನೆ ——— ಆಯಿತು.
3. ನಾಲ್ಕಾರು ಜನ ಒಟ್ಟಿಗೆ ಮಾತನಾಡಿದರೆ ಒಬ್ಬರ ದನಿಯನ್ನು ——— ಮಾಡಲು ತಾಯಿಗೆ ಆಗದು.
4. ಚೀಟಿಯ ಮೇಲಿನ ಕೈಬರಹವನ್ನು ಔಷಧದ ಅಂಗಡಿಯವನಿಗೂ ——— ಮಾಡಲಾಗಲಿಲ್ಲ.

ಉತ್ತರಗಳು: 1. ಡ್ರೌನ್ ಔಟ್, 2. ಡೈ ಅವೇ ಅಥವಾ ಫೇಡ್ ಅವೇ, 3. ಪಿಕ್ ಔಟ್; 4. ಮೇಕ್ ಔಟ್.

ವೈದ್ಯರಲ್ಲಿಗೆ ಹೊರಡುವ ಮುನ್ನ ಹಿರಿಯರನ್ನು ಕನ್ನಡದಲ್ಲಿಯೇ ಸಾವಧಾನವಾಗಿ ವಿಚಾರಿಸಿ, ಅವರು ಹೇಳಿದುದನ್ನು ಇಂಥ ಎರಡು ಮೂರು ವಾಕ್ಯಗಳಲ್ಲಿ ಬರೆದುಕೊಂಡು ಹೋದರೆ ಸಾಕು. ಅವರ ತೊಂದರೆ ಏನೆಂಬುದು ಮೊದಲು ಮನೆಯವರಿಗೆ, ಅನಂತರ ವೈದ್ಯರಿಗೆ ಸ್ಪಷ್ಟವಾಗುತ್ತದೆ.