ಅಲಿಬಾಗದ ಕಡಲಂಚಿನಲ್ಲಿ ಒಂದು ಪಾಠ

ಮುಂಬಯಿಯಲ್ಲಿ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಸಮುದ್ರವು ಹೊಸದಲ್ಲ. ಆದರೆ ಈ ನಗರದಲ್ಲಿ ಅವರು ಹೆಚ್ಚಾಗಿ ಕಾಣುವುದು ಗೋಡೆ ಕಟ್ಟಿ ನಿಲ್ಲಿಸಿದ ಸಮುದ್ರವನ್ನು. ನೀರು ಗೋಡೆಯ ಬುಡಕ್ಕೆ ಬಡಿಯುತ್ತಿದ್ದರೆ ಉಬ್ಬರ, ಕಲ್ಲುಗಳು ಬರಿದಾಗಿ ಕಂಡರೆ ಇಳಿತ. ಅವರ ತಿಳಿವಳಿಕೆ ಅಲ್ಲಿಗೇ ನಿಲ್ಲುತ್ತದೆ. ಉಬ್ಬರವಿಳಿತಗಳು ಎಂಬ ಪಾಠವನ್ನು ಭೂಗೋಲದ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅದನ್ನು ಮರೆತುಬಿಡುವವರೇ ಬಹಳ. ಈ ಪಾಠವನ್ನು ಕಾಲಿನಿಂದ ನಡೆದು ಕಲಿಯಬಹುದಾದ ಸ್ಥಳವೊಂದು ನಮಗೆ ಬಹಳ ಸಮೀಪದಲ್ಲಿಯೇ ಇದೆ. ಅದುವೇ ಅಲಿಬಾಗ.

ಗೇಟ್‌ವೇ ಆಫ್ ಇಂಡಿಯಾದ ಬಳಿ ದೋಣಿಯನ್ನೇರಿದರೆ ಸುಮಾರು ಒಂದು ಗಂಟೆಯಲ್ಲಿ ಮಾಂಡವಾ ಬಂದರನ್ನು ಸೇರಬಹುದು. ಅಲ್ಲಿಂದ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರು. 2020ರಿಂದ ಭಾವುಚಾ ಧಕ್ಕೆಯಿಂದ ಮಾಂಡವಾಕ್ಕೆ ಮೋಟಾರು ವಾಹನಗಳನ್ನೂ ಹೊತ್ತೊಯ್ಯುವ ದೊಡ್ಡ ನೌಕೆಯೂ ಇದೆ. ಪನವೇಲ, ಪೇಣ ಮಾರ್ಗವಾಗಿ ರಸ್ತೆಯಲ್ಲಿ ಹೋಗುವವರಿಗೆ ಹಾದಿ ಸುಮಾರು 100 ಕಿಲೋಮೀಟರು. ರಜಾದಿನಗಳಲ್ಲಿ ಮಕ್ಕಳು ಮರಿಗಳೊಡನೆ ಬರುವ ಸಂಸಾರಗಳಿಂದ ಊರು ತುಂಬಿಹೋಗುತ್ತದೆ. ಎಳನೀರು, ಹುರಿದ ಜೋಳ, ಕುದುರೆ ಸವಾರಿ, ಬಣ್ಣದ ಗಾಳಿಪಟ ಇವೆಲ್ಲವೂ ಅಲ್ಲಿ ಉಂಟು. ಅವುಗಳ ವರ್ಣನೆಯನ್ನು ನಾವು ಇಲ್ಲಿ ಬೆಳೆಸುವುದಿಲ್ಲ.

ಹೆಸರಿನ ಗೊಂದಲವೊಂದನ್ನು ಮಾತ್ರ ಮೊದಲೇ ಬಿಡಿಸಿಬಿಡಬೇಕು. ಅಲಿಬಾಗದ ಎದುರಿಗೆ ಸಮುದ್ರದೊಳಗಿರುವ ಕೋಟೆಗೆ ಕುಲಾಬಾ ಕೋಟೆಯೆಂದು ಹೆಸರು. ಈಗಿನ ರಾಯಗಡ ಜಿಲ್ಲೆಗೆ 1981ರವರೆಗೆ ಕುಲಾಬಾ ಜಿಲ್ಲೆ ಎಂದೇ ಹೆಸರಿತ್ತು. ನಮ್ಮ ಮುಂಬಯಿಯ ತುದಿಯಲ್ಲಿರುವ ಕೊಲಾಬಾ ಬೇರೆ, ಇದು ಬೇರೆ. ಆದರೂ ಈ ಎರಡು ಊರುಗಳಿಗೆ ವಿಜ್ಞಾನದ ಮೂಲಕ ಒಂದು ನಂಟು ಬೆಳೆದುದನ್ನು ಮುಂದೆ ಹೇಳುತ್ತೇವೆ.

ಅಲಿಬಾಗದ ಮರಳು ಬಂಗಾರದ ಬಣ್ಣದ್ದಲ್ಲ. ಅದು ಕಪ್ಪು ಬೆರೆತ ಕಂದು ಬಣ್ಣದ್ದು. ದಖ್ಖನದ ಕಪ್ಪು ಅಗ್ನಿಶಿಲೆ ಸವೆದು ಬಂದ ಕಣಗಳು ಅದರಲ್ಲಿ ಸೇರಿರುವುದೇ ಇದಕ್ಕೆ ಕಾರಣ. ತೀರವು ಬಲು ಚಪ್ಪಟೆಯಾಗಿದೆ. ಇಳಿತದ ಹೊತ್ತಿನಲ್ಲಿ ನೀರು ಎಷ್ಟೋ ದೂರ ಸರಿದು, ಗಟ್ಟಿಯಾದ ಒದ್ದೆ ನೆಲವು ಕೋಟೆಯ ಬಾಗಿಲವರೆಗೆ ಹಾಸಿಕೊಳ್ಳುತ್ತದೆ. ಆಗ ಜನರು ನಡೆದೇ ಕೋಟೆಗೆ ಹೋಗುತ್ತಾರೆ, ಕುದುರೆಗಾಡಿಗಳೂ ಓಡಾಡುತ್ತವೆ. ಉಬ್ಬರ ಬಂದಾಗ ಅದೇ ಹಾದಿಯು ಕಡಲಾಗುತ್ತದೆ. ಬೆಳಗ್ಗೆ ಮಕ್ಕಳು ಓಡಿ ಆಡಿದ ನೆಲದ ಮೇಲೆ ಮಧ್ಯಾಹ್ನ ದೋಣಿ ತೇಲುತ್ತದೆ. ಆದುದರಿಂದ ಅಲಿಬಾಗಕ್ಕೆ ಹೋಗುವವರು ಗಡಿಯಾರವನ್ನು ನೋಡುವ ಮೊದಲು ಪಂಚಾಂಗವನ್ನು ನೋಡಬೇಕು.

ಏಕೆಂದು ವಿಚಾರಿಸೋಣ. ಚಂದ್ರನು ಭೂಮಿಯನ್ನು ತನ್ನೆಡೆಗೆ ಸೆಳೆಯುತ್ತಾನೆ. ಚಂದ್ರನಿಗೆ ಎದುರಾದ ಬದಿಯ ನೀರಿನ ಮೇಲೆ ಈ ಸೆಳೆತ ಹೆಚ್ಚು, ಭೂಮಿಯ ನಡುವಿನಲ್ಲಿ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿನ ಮೇಲೆ ಇನ್ನೂ ಕಡಿಮೆ. ಹೀಗಾಗಿ ಎದುರು ಬದಿಯ ನೀರು ಭೂಮಿಗಿಂತ ಮುಂದೆ ಉಬ್ಬುತ್ತದೆ. ಆಚೆ ಬದಿಯ ನೀರು ಹಿಂದೆ ಉಳಿದು ಅಲ್ಲಿಯೂ ಉಬ್ಬುತ್ತದೆ. ಎರಡು ಉಬ್ಬುಗಳಿರುವುದರಿಂದ ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಸುಮಾರು 6 ಗಂಟೆ 12 ನಿಮಿಷಗಳ ಅಂತರವಿರುತ್ತದೆ. ಚಂದ್ರನೂ ತನ್ನ ಹಾದಿಯಲ್ಲಿ ಮುಂದೆ ಸಾಗುತ್ತಿರುವುದರಿಂದ ಪ್ರತಿದಿನವೂ ಉಬ್ಬರವು ಸುಮಾರು 50 ನಿಮಿಷ ತಡವಾಗಿ ಬರುತ್ತದೆ.

ಸೂರ್ಯನ ಪ್ರಭಾವವೂ ಇದೆ; ಆದರೆ ಅದು ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತಗಳು ಒಂದುಗೂಡಿ ನೀರು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಇದನ್ನು ಕೊಂಕಣದ ಜನರು ಉಧಾಣವೆನ್ನುತ್ತಾರೆ. ಅಷ್ಟಮಿಯ ಆಸುಪಾಸಿನಲ್ಲಿ ಒಂದರ ಸೆಳೆತವನ್ನು ಇನ್ನೊಂದು ತಗ್ಗಿಸುವುದರಿಂದ ಏರಿಳಿತ ಎರಡೂ ಸಣ್ಣವು.

ಇನ್ನು ಹೊತ್ತನ್ನು ಕಂಡುಹಿಡಿಯುವ ಬಗೆ. ಕೊಂಕಣದ ಮೀನುಗಾರರಲ್ಲಿ ತಲೆಮಾರುಗಳಿಂದ ಬಂದ ಸೂತ್ರವೊಂದಿದೆ. ತಿಥಿಯ ಸಂಖ್ಯೆಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಬೇಕು. ಬಂದುದೇ ಉಬ್ಬರದ ಗಂಟೆ. ಚತುರ್ಥಿಯಂದು 4ರ ಮುಕ್ಕಾಲು 3. ಉಬ್ಬರ ಮೂರು ಗಂಟೆಗೆ, ಇಳಿತ ಒಂಬತ್ತಕ್ಕೆ. ಅಷ್ಟಮಿಯಂದು ಉಬ್ಬರ ಆರಕ್ಕೆ, ಇಳಿತ ಹನ್ನೆರಡಕ್ಕೆ. ಹುಣ್ಣಿಮೆಯಂದು 15ರ ಮುಕ್ಕಾಲು, ಅಂದರೆ ಹನ್ನೊಂದೂಕಾಲು. ಹುಣ್ಣಿಮೆ ಕಳೆದ ಮೇಲೆ ಪಾಡ್ಯದಿಂದ ಪುನಃ ಒಂದು ಎಂದು ಎಣಿಸಬೇಕು. ಈ ಸೂತ್ರದಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಹೆಚ್ಚುಕಡಿಮೆ ಬರಬಹುದು. ನಿಖರವಾದ ವೇಳೆ ಬೇಕಾದವರು ಭಾರತೀಯ ಸರ್ವೇಕ್ಷಣ ಇಲಾಖೆಯ ಉಬ್ಬರವಿಳಿತದ ಕೋಷ್ಟಕವನ್ನು ನೋಡಬೇಕು. ಆದರೂ ಬೆರಳಿನ ಮೇಲೆ ಎಣಿಸಿ ಸಮುದ್ರದ ಹೊತ್ತನ್ನು ಹೇಳಬಲ್ಲ ಈ ಲೆಕ್ಕದ ಮುಂದೆ ನಮ್ಮ ಕೈಗಡಿಯಾರಗಳ ಗರ್ವವು ತುಸು ಇಳಿಯುತ್ತದೆಂದೇ ನಮ್ಮ ಎಣಿಕೆ.

ಸೂತ್ರವನ್ನು ಮೇಲುಮೇಲಾಗಿ ಕಲಿತವರು ಅಷ್ಟಮಿಯ ಮಧ್ಯಾಹ್ನವೇ ಕೋಟೆಗೆ ಹೋಗಲು ಅತ್ಯುತ್ತಮವೆಂದಾರು. ಹಾಗಲ್ಲ. ಅಂದು ಇಳಿತವೇ ಸಣ್ಣದಾದುದರಿಂದ ಹಾದಿಯಲ್ಲಿ ನೀರು ನಿಂತಿರುವ ಸಂಭವವುಂಟು. ಅಮಾವಾಸ್ಯೆಯ ಸಮಯದಲ್ಲಿ ನೀರು ಚೆನ್ನಾಗಿ ಸರಿಯುತ್ತದೆ. ಆದರೆ ಸರಿಯುವುದು ಬೆಳಗಿನ ಮತ್ತು ಸಂಜೆಯ ಐದಾರು ಗಂಟೆಗೆ. ಎರಡನ್ನೂ ತೂಗಿ ನೋಡಿ ನಾವು ಒಮ್ಮೆ ನಮ್ಮ ವಿದ್ಯಾರ್ಥಿಗಳ ಪ್ರವಾಸಕ್ಕೆ ಪಂಚಮಿಯನ್ನು ಆರಿಸಿದೆವು. ಪಂಚಮಿಯಂದು ಉಬ್ಬರ ಮೂರೂಮುಕ್ಕಾಲಿಗೆ, ಇಳಿತ ಬೆಳಿಗ್ಗೆ ಒಂಬತ್ತೂಮುಕ್ಕಾಲಿನ ಸುಮಾರಿಗೆ. ಮೊದಲ ದೋಣಿಯಲ್ಲಿ ಹೊರಟು ಒಂಬತ್ತರ ಹೊತ್ತಿಗೆ ಮರಳಿನ ಮೇಲೆ ಇಳಿದೆವು. ಹತ್ತೂವರೆಗೆ ಕೋಟೆಯನ್ನು ಬಿಡಬೇಕೆಂದು ಮೊದಲೇ ಗೊತ್ತುಮಾಡಿದ್ದೆವು.

ಈ ಹತ್ತೂವರೆಯ ವಿಷಯವೇ ಮುಖ್ಯವಾದುದು. ಆರು ಗಂಟೆಗಳಲ್ಲಿ ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲನೆಯ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಇದು ನಾವಿಕರ ಸ್ಥೂಲ ಲೆಕ್ಕ. ಒಟ್ಟು ಏರಿಕೆ 3 ಮೀಟರೆಂದು ಹಿಡಿದರೆ ಮೊದಲ ಗಂಟೆಯಲ್ಲಿ ಏರುವುದು ಕೇವಲ 25 ಸೆಂಟಿಮೀಟರು. ನೋಡುವವರಿಗೆ ಸಮುದ್ರವು ನಿದ್ರಿಸುತ್ತಿರುವಂತೆ ತೋರುತ್ತದೆ. ಎರಡನೆಯ ಗಂಟೆಯ ಕೊನೆಗೆ 75 ಸೆಂಟಿಮೀಟರು. ಚಿಕ್ಕ ಮಕ್ಕಳ ಸೊಂಟವನ್ನು ಮೀರಿತು. ಮೂರನೆಯ ಗಂಟೆಯ ಕೊನೆಗೆ ಒಂದೂವರೆ ಮೀಟರು, ಮಕ್ಕಳು ಮುಳುಗಿದಂತೆಯೇ. ತೀರವು 100 ಮೀಟರಿಗೆ 1 ಮೀಟರಿನಂತೆ ಇಳಿಜಾರಾಗಿದ್ದರೆ ಆ ಮೂರನೆಯ ಗಂಟೆಯೊಂದರಲ್ಲಿಯೇ ನೀರಿನ ಅಂಚು 75 ಮೀಟರು ಒಳಗೆ ಬರುತ್ತದೆ. ಅದೂ ನಮ್ಮ ಕಣ್ಣೆದುರಿನಿಂದ ಮಾತ್ರ ಬರುವುದಿಲ್ಲ. ನಡುವಿನ ತಗ್ಗುಗಳನ್ನು ಬಳಸಿಕೊಂಡು ಬೆನ್ನ ಹಿಂದಿನಿಂದಲೂ ಬರುತ್ತದೆ. ಮೊದಲ ಗಂಟೆಯ ಶಾಂತಿಯನ್ನು ನಂಬಿ ಕೋಟೆಯಲ್ಲಿ ಕುಳಿತವರು ಸಿಕ್ಕಿಬೀಳುವುದು ಹೀಗೆ.

ನಮ್ಮೊಡನೆ ಏಳನೆಯ ತರಗತಿಯ ಬಾಲಕಿಯೊಬ್ಬಳ ಅಜ್ಜನವರು ಬಂದಿದ್ದರು. ಮಲ್ಪೆಯ ಕಡೆಯವರು; ಬಾಲ್ಯವೆಲ್ಲ ಕಡಲ ಬದಿಯಲ್ಲಿಯೇ ಕಳೆದವರು. ಕೋಟೆಯೊಳಗೆ ಗಣಪತಿಯ ದರ್ಶನ ಮುಗಿಸಿ, ಮರದ ನೆರಳಿನಲ್ಲಿ ಬುತ್ತಿಯ ಗಂಟನ್ನು ಬಿಚ್ಚತೊಡಗಿದರು. ಹೊರಡುವ ಹೊತ್ತಾಯಿತೆಂದು ನಾವು ಹೇಳಿದಾಗ, “ಮಾಸ್ತರರೇ, ನಾವು ಹುಟ್ಟಿದ್ದೇ ಕಡಲ ಬದಿಯಲ್ಲಿ. ನೀರು ಎಷ್ಟು ಏರುತ್ತದೆಂದು ನನಗೆ ಗೊತ್ತುಂಟು. ಮಕ್ಕಳು ಹಸಿದಿದ್ದಾರೆ, ಊಟ ಮಾಡಿಯೇ ಹೋಗುವಾ” ಎಂದರು. ಹಿರಿಯರ ಮಾತು, ಮಕ್ಕಳೂ ಆಗಲೇ ಕುಳಿತುಬಿಟ್ಟಿದ್ದರು. ಆಗ ಆ ಬಾಲಕಿ ತನ್ನ ಪುಸ್ತಕದಲ್ಲಿ ಬರೆದಿದ್ದ ಅಂಕಿಗಳನ್ನು ತೋರಿಸಿ, “ಅಜ್ಜ, ನೀವು ಹೇಳುವುದು ಮಲ್ಪೆಯ ನೀರು. ಇಲ್ಲಿ ಒಂದು ಪಾಲೇ ಕಾಲು ಮೀಟರು. ಹನ್ನೊಂದೂಮುಕ್ಕಾಲಿಗೆ ಮೂರು ಪಾಲು ಆಗುತ್ತದೆ” ಎಂದಳು. ಅವರು ಪುಸ್ತಕವನ್ನೂ ಮೊಮ್ಮಗಳ ಮುಖವನ್ನೂ ನೋಡಿ, ಬುತ್ತಿಯ ಗಂಟನ್ನು ಮತ್ತೆ ಕಟ್ಟಿದರು. ನಾವು ತೀರವನ್ನು ತಲಪಿದ ಮೇಲೆ ಹುಡುಗರು ನೀರಿನಂಚಿನಲ್ಲಿ ಕಾಲು ಗಂಟೆಗೊಂದರಂತೆ ಕೋಲುಗಳನ್ನು ನೆಟ್ಟು ನಡುವಿನ ದೂರವನ್ನು ಹೆಜ್ಜೆಗಳಿಂದ ಅಳೆದರು. ಹನ್ನೆರಡೂವರೆಯ ವೇಳೆಗೆ ಗಾಡಿಗಳು ನಿಂತಿದ್ದವು. ನಾವು ನಡೆದು ಬಂದ ಹಾದಿ ಎಲ್ಲಿತ್ತೆಂದು ತೋರಿಸುವುದಕ್ಕೇ ಆಗಲಿಲ್ಲ. ಅಜ್ಜನವರು ಬಹಳ ಹೊತ್ತು ನೋಡುತ್ತಿದ್ದು, “ಇದು ಬೇರೆ ಕಡಲು” ಎಂದರು.

ಅವರ ಮಾತು ವಿಜ್ಞಾನಕ್ಕೂ ಸಮ್ಮತವೇ. ಮಂಗಳೂರು, ಮಲ್ಪೆಗಳಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಇರುವ ಎತ್ತರದ ವ್ಯತ್ಯಾಸ ಸುಮಾರು ಒಂದೂವರೆ ಮೀಟರು. ಕಾರವಾರದಲ್ಲಿ ಸುಮಾರು ಎರಡು. ಮುಂಬಯಿ, ಅಲಿಬಾಗಗಳಲ್ಲಿ ನಾಲ್ಕಕ್ಕಿಂತ ಹೆಚ್ಚು. ಖಂಭಾತ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರಿನ ಸುಮಾರು. ಉತ್ತರಕ್ಕೆ ಹೋದಂತೆ ತೀರದಾಚೆಯ ಆಳವಿಲ್ಲದ ಸಮುದ್ರತಳವು ಅಗಲವಾಗುತ್ತದೆ. ಕೊಲ್ಲಿಯು ಆಲಿಕೆಯಂತೆ ಕಿರಿದಾಗುತ್ತದೆ. ಒಳನುಗ್ಗಿದ ನೀರಿಗೆ ಹರಡಲು ಸ್ಥಳವಿಲ್ಲದೆ ಅದು ಮೇಲಕ್ಕೇರುತ್ತದೆ. ತೆಂಕಣ ಕರಾವಳಿಯಿಂದ ಬಂದ ಸಂಸಾರಗಳು ನಮ್ಮ ಶಾಲೆಯಲ್ಲಿ ಬಹಳ ಇರುವುದರಿಂದ ಈ ಅಂಕಿಗಳನ್ನು ಮಕ್ಕಳು ಮನೆಯಲ್ಲಿಯೂ ಓದಿ ಹೇಳಬೇಕು.

ಕೋಟೆಯ ಬಗೆಗೆ ಎರಡು ಮಾತು. ಶಿವಾಜಿ ಮಹಾರಾಜರು 1680ರಲ್ಲಿ ಇದರ ಕೆಲಸವನ್ನು ತೊಡಗಿಸಿದರು. ಮುಂದೆ ಇದು ಮರಾಠರ ನೌಕಾಸೇನಾಪತಿ ಕಾನ್ಹೋಜಿ ಆಂಗ್ರೆಯವರ ನೆಲೆಯಾಯಿತು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಜರೂ ಕೂಡಿ ಇದನ್ನು ಮುತ್ತಿ ಸೋತರು. 1729ರಲ್ಲಿ ತೀರಿಕೊಂಡ ಕಾನ್ಹೋಜಿಯವರ ಸಮಾಧಿ ಅಲಿಬಾಗದಲ್ಲಿಯೇ ಇದೆ. ಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆಯಿಲ್ಲದಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸುತ್ತಲೂ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಬಾವಿಯಿದೆ. ದಿನಕ್ಕೆರಡು ಬಾರಿ ಸಮುದ್ರವೇ ಅಗಳಾಗುವ ಕೋಟೆಗೆ ಬೇರೆ ಕಂದಕವೇತಕ್ಕೆ?

ಮೊದಲು ಹೇಳಿದ ನಂಟು ಇದು. ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತಶಕ್ತಿಯನ್ನು ಅಳೆಯುತ್ತಿದ್ದರು. ನಗರದಲ್ಲಿ ವಿದ್ಯುತ್ ಟ್ರಾಮು ಓಡುವುದೆಂದು ನಿಶ್ಚಯವಾದಾಗ, ಆ ವಿದ್ಯುತ್ತಿನಿಂದ ಸೂಕ್ಷ್ಮವಾದ ಸೂಜಿಗಳು ಕದಲಿ ಅಳತೆ ಕೆಡುವುದೆಂದು ವಿಜ್ಞಾನಿಗಳು ಕಂಡುಕೊಂಡರು. ವೇಧಶಾಲೆಯ ನಿರ್ದೇಶಕರಾಗಿದ್ದ ಮೂಸ್ ಅವರು ಅಲಿಬಾಗವನ್ನು ಆರಿಸಿ, ಕಬ್ಬಿಣ ಸೇರದ ಕಟ್ಟಡವನ್ನು ಕಟ್ಟಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ಹಳೆಯ ದಾಖಲೆಗೆ ಹೊಸದನ್ನು ಬೆಸೆದ ಮೇಲೆಯೇ ಕೊಲಾಬಾದ ಕಾಂತದ ಅಳತೆಯನ್ನು ನಿಲ್ಲಿಸಿದರು. 1907ರಲ್ಲಿ ಬಂದ ಟ್ರಾಮು 1964ರಲ್ಲಿ ಹೋಯಿತು. ಅಲಿಬಾಗದ ಅಳತೆ ಮಾತ್ರ ಇಂದಿಗೂ ನಡೆಯುತ್ತಿದೆ. ಅಲ್ಲಿಗೆ ಹೋಗುವವರು ಸಣ್ಣದೊಂದು ಸೂಜಿಗಲ್ಲನ್ನು ಕಾಗದದಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ ನೋಡಲಿ. ಅಂಟಿಕೊಳ್ಳುವ ಕಪ್ಪು ಕಣಗಳು ಆ ಅಗ್ನಿಶಿಲೆಯಿಂದ ಬಂದವುಗಳು.

ಮಳೆಗಾಲದಲ್ಲಿ ಕೋಟೆಗೆ ನಡೆದುಹೋಗುವ ಮಾತೇ ಬೇಡ. ಆಗ ಅಲೆ ಮತ್ತು ಗಾಳಿಗಳು ಯಾವ ಸೂತ್ರಕ್ಕೂ ಒಳಪಡುವುದಿಲ್ಲ. ಚಳಿಗಾಲದ ರಜೆಯಲ್ಲಿ ಹೋಗುವವರು ಈ ಲೆಕ್ಕವನ್ನು ಮಾಡಿಕೊಂಡು ಹೊರಡಲಿ: ಶುಕ್ಲ ತ್ರಯೋದಶಿಯ ದಿನ ಉಬ್ಬರವೆಷ್ಟು ಗಂಟೆಗೆ, ಇಳಿತವೆಷ್ಟು ಗಂಟೆಗೆ, ಸೂರ್ಯನು ಆರಕ್ಕೆ ಮುಳುಗುವನಾದರೆ ಕೋಟೆಗೆ ಯಾವಾಗ ಹೋಗಿ ಯಾವಾಗ ಮರಳಬೇಕು? ಉತ್ತರವನ್ನು ನಮಗೆ ತೋರಿಸಿದ ಮೇಲೆಯೇ ದೋಣಿಯ ಚೀಟಿ ಕೊಳ್ಳತಕ್ಕದ್ದು.